ಏಳು ಸೆಕೆಂಡು

ಪೂರ್ವದ ಪಾರ್ಕಿಂಗ್ ಜಾಗ, ಕಂಬದ ನಂಬರು ನಲವತ್ತೊಂದು.
ಬೆಳಗಿನ ಆರಕ್ಕೇ ಪಿಕಪ್ಪಿನ ಹಿಂಬಾಗಿಲು ಕೆಳಗಿಳಿಯುತ್ತದೆ,
ಆಟ ಇರುವುದು ಮಧ್ಯಾಹ್ನ ಎರಡೂವರೆಗೆ.
ಟೆನ್ನೆಸೀಯ ಅಕ್ಟೋಬರು; ಹುಲ್ಲಿನ ಮೇಲೆ ಇನ್ನೂ ಇಬ್ಬನಿ,
ಇದ್ದಿಲಿಗೆ ಹೊತ್ತಿಕೊಳ್ಳುವ ಮನಸ್ಸಿಲ್ಲ.

ನನ್ನ ಕೈಯಲ್ಲೊಂದು ನೋಟುಬುಕ್ಕು.
ಸಾಸಿವೆ ಕಲೆ, ಹಂದಿಕೊಬ್ಬಿನ ಕಲೆ,
ಹತ್ತೊಂಬತ್ತು ವರ್ಷದ ಶನಿವಾರಗಳು.
ಪ್ರತಿ ಆಟ ಮುಗಿದ ಮೇಲೆ ಬರೆಯುತ್ತೇನೆ
ಮುಂದಿನ ಸಲ ಏನೇನು ಸರಿಪಡಿಸಬೇಕೆಂದು:

ಐಸು ಸಾಲಲಿಲ್ಲ, ಇನ್ನೆರಡು ಚೀಲ.
ಗುಡಾರದ ಕಾಲಿಗೆ ಮರಳಿನ ಮೂಟೆ
(ಹೋದ ವಾರ ಹಾರಿಹೋಗಿ
ಎದುರಾಳಿ ಕಡೆಯವರ ಬೀನ್ಸ್ ಪಾತ್ರೆಯಲ್ಲಿ ಬಿತ್ತು).
ಕಸದ ಚೀಲ ಮೊದಲೇ ಕಟ್ಟುವುದು, ಆಮೇಲಲ್ಲ.
ಡೆಲ್ಬರ್ಟನ ಕೈಗೆ ಮೈಕು ಕೊಡಕೂಡದು.
ಲೈಟರು ಕೂಡ.

ಹೀಗೆ ಒಂದೊಂದೇ ಸುಧಾರಿಸುತ್ತ
ಒಂದು ತಟ್ಟೆ ಸ್ಯಾಂಡ್‌ವಿಚ್ಚಿನಿಂದ ಶುರುವಾದದ್ದು
ಜನರೇಟರಿಗೆ ಬಂತು, ಟೀವಿಗೆ ಬಂತು.

ಅಣ್ಣ ಹಾಲಿಸ್ ಸ್ಟೇಡಿಯಮ್ಮಿನ ಒಳಗೆ ಹೋಗಿ ಆರು ವರ್ಷ.
ಎಪ್ಪತ್ತೆರಡು ಮೆಟ್ಟಿಲು ಅವನ ಮಂಡಿಯೊಡನೆ ಜಗಳ ತೆಗೆದಿವೆ;
ಕಣ್ಣೋ, ಚೆಂಡು ಯಾವುದು ಟೋಪಿ ಯಾವುದು ಎಂದು ಕೇಳುತ್ತದೆ.
ಟಿಕೆಟ್ಟನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟು
ಟೀವಿಗೆ ಬೆನ್ನು ಹಾಕಿ ಕೂರುತ್ತಾನೆ,
ಪಕ್ಕೆಲುಬು ಮಗುಚುತ್ತ.

ಟೀವಿಯ ಚಿತ್ರ ಆಕಾಶ ಸುತ್ತಿ ಬರುತ್ತದೆ,
ಏಳು ಸೆಕೆಂಡು ತಡ.
ಸದ್ದಿಗೆ ಆ ಶಿಸ್ತಿಲ್ಲ, ಗೋಡೆ ಹಾರಿ ಬಂದುಬಿಡುತ್ತದೆ,
ಅರವತ್ತು ಸಾವಿರ ಗಂಟಲಿಂದ ನೇರ.

ಆ ಏಳು ಸೆಕೆಂಡು ಹಾಲಿಸನದು.
ಇಕ್ಕಳ ಎತ್ತಿ ಹಿಡಿದು ಕಿವಿಗೊಡುತ್ತಾನೆ.
"ಪಾಸು. ಎಡಗಡೆ ಅಂಚಿಗೆ. ಹಿಡಿದ."
"ಇದು ನಮ್ಮವರ ಕೂಗಲ್ಲ, ಮೂಲೆಯ ನೀಲಿ ಅಂಗಿಯವರದು. ಚೆಂಡು ಜಾರಿತು."
"ಇದು ರೆಫ್ರಿಗೆ ಬೈಗುಳ."
ನಾವು ಪರದೆಯನ್ನೇ ನೋಡುತ್ತೇವೆ, ಐದು, ಆರು,
ಹೌದು, ಎಡಗಡೆ. ಹೌದು, ಹಿಡಿದ.
ಸುತ್ತಲ ಗುಡಾರದವರೂ ಬರತೊಡಗಿದರು
ಡಾಲರು ಡಾಲರು ಪಂಥ ಕಟ್ಟಿ.
ಅವನು ಗೆದ್ದದ್ದೆಲ್ಲ ಹಳೆಯ ಸಾಸಿವೆ ಡಬ್ಬಿಯಲ್ಲಿ.

ಹೋದ ತಿಂಗಳು ಅಳಿಯ ಟ್ರೆಂಟ್,
ಒಳ್ಳೆಯ ಹುಡುಗ, ಕೆಟ್ಟದ್ದು ಕಂಡರೆ ಕೈ ಸುಮ್ಮನಿರದು,
ಒಂದು ಆಂಟೆನಾ ತಂದ. ಕೋಲಿಗೆ ಕಟ್ಟಿದ, ತಿರುಗಿಸಿದ.
ಏಳು ಇದ್ದದ್ದು ಒಂದಾಯಿತು, ಒಂದೂ ಇಲ್ಲವಾಯಿತು.
"ನೋಡು ವರ್ನಾ, ಈಗ ಎಲ್ಲ ಒಟ್ಟಿಗೇ!"
ಕೂಗೂ ಬಂತು, ಚಿತ್ರವೂ ಬಂತು.
ಚಪ್ಪಾಳೆ ಬಿತ್ತು, ನಾನೂ ಹೊಡೆದೆ,
ನೋಟುಬುಕ್ಕಿನಲ್ಲಿ ಟಿಕ್ಕು ಹಾಕಿದೆ.

ಹಾಲಿಸ್ ಇಕ್ಕಳ ಎತ್ತಿದ. ಬಾಯಿ ತೆರೆದ.
ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು.
ಬಾಯಿ ಮುಚ್ಚಿ ಇದ್ದಿಲು ಕೆದಕಿದ.
ಮೂರನೆಯ ಕ್ವಾರ್ಟರಿನಲ್ಲಿ "ಉಪ್ಪು ಸಾಕಾ?" ಅಂದ,
ಸ್ವಲ್ಪ ಹೊತ್ತಿಗೆ ಅದನ್ನೇ ಇನ್ನೊಮ್ಮೆ ಅಂದ.

ಈ ಶನಿವಾರ ಸಾಮಾನು ಇಳಿಸುವಾಗ
ಟ್ರೆಂಟ್ ಎಲ್ಲ ಪೆಟ್ಟಿಗೆ ತಡಕಿದ, ಸೀಟಿನಡಿ ಬಗ್ಗಿ ನೋಡಿದ.
ಆಂಟೆನಾ ನನ್ನ ವಾಷಿಂಗ್ ಮೆಷಿನ್ನಿನ ಹಿಂದಿದೆ.
ಚರ್ಚಿಗೆ ಹೋಗುವ ಹೆಂಗಸು ನಾನು, ಆದರೂ ಹೇಳಲಿಲ್ಲ.
"ಹಳೆಯ ಡಿಶ್ಶೇ ಹಾಕಪ್ಪ."

ಎರಡೂವರೆ. ಒಳಗೆ ತುತ್ತೂರಿ, ಡ್ರಮ್ಮು.
ಇದ್ದಕ್ಕಿದ್ದಂತೆ ಗೋಡೆಯಾಚೆ ಏನೋ ಎದ್ದಿತು;
ಪರದೆಯಲ್ಲಿ ಇನ್ನೂ ಟ್ರಕ್ಕಿನ ಜಾಹೀರಾತು.
ಡೆಲ್ಬರ್ಟ್ ಅಗಿಯುವುದನ್ನು ನಿಲ್ಲಿಸಿದ.
ಕುರ್ಚಿಗಳೆಲ್ಲ ಆ ಬೆನ್ನಿನ ಕಡೆ ತಿರುಗಿದವು.
ಹಾಲಿಸ್ ತಲೆ ಓರೆ ಮಾಡಿ,
"ತಾಳಿ," ಅಂದ,
"ತಾಳಿ, ಇದು ನನಗೂ ತಿಳೀತಿಲ್ಲ."